ಗರಗದ ಮಗ್ಗ, ಸಾಲಿ ಮಗ್ಗಿ

ಹೋದ ವರ್ಷ ಆಗಸ್ಟ್ 15ರ ಮುಂದ ನನ್ನ ಮೊಮ್ಮಗಳು ಗರಗಕ್ಕ ಬಂದಿದ್ಲು. ಈಗ ಐದನೇ ಇಯತ್ತೆ. ಸಾಲ್ಯಾಗ ಭಾಷಣ ಮಾಡೋದಿತ್ತು, ವಿಷಯ ‘ನಮ್ಮ ರಾಷ್ಟ್ರಧ್ವಜ’. ಗರಗದ ಮೊಮ್ಮಗಳಿಗೆ ಇದಕ್ಕಿಂತ ಚೊಲೋ ವಿಷಯ ಯಾವುದೈತಿ ಹೇಳ್ರಿ? ಮೊಬೈಲ್ ನೋಡಿ ನೋಡಿ ಒಂದು ಹಾಳಿ ತುಂಬ ಬರಕೊಂಡು, ಪಡಸಾಲ್ಯಾಗ ನಿಂತು ಜೋರಾಗಿ ಓದಾಕ ಹತ್ತಿದ್ಲು. ನಮ್ಮವ್ವ ಮೂಲ್ಯಾಗ ಕುಂತು ಮೆಂತೆಪಲ್ಯೆ ಸೋಸಾಕತ್ತಿದ್ಲು. “ಬಾವುಟದ ಬಟ್ಟೆ ಒಂದು ಚದರ ಅಡಿಗೆ ಸರಿಯಾಗಿ 205 ಗ್ರಾಂ ತೂಗಬೇಕು” ಅಂತ ಹುಡುಗಿ ಓದಿದ ಕೂಡಲೆ ಅವ್ವ ತಲಿ ಎತ್ತಿದ್ಲು.

“ಅದು ಅರಿವಿ ಅಲ್ಲ ಬಿಡ ಕೂಸ, ಜಮಖಾನಿನೂ ಅಷ್ಟು ಭಾರ ಇರೂದಿಲ್ಲ.”

“ದೊಡ್ಡಾಯಿ, ಇಂಟರ್‌ನೆಟ್‌ನ್ಯಾಗ ಹಂಗs ಐತಿ. ನಾಕು ಕಡೆ ನೋಡೀನಿ.”

“ನಾಕು ಕಡೆ ಇರವಲ್ದ್ಯಾಕ. ನಾ ನೂತೀನಿ.”

ಈ ಜಗಳ ಹೆಂಗ ಮುಗೀತು ಅನ್ನೋದನ್ನ ಆಮ್ಯಾಲ ಹೇಳತೀನಿ. ಅದೇ ದಿನ ಸಂಜಿಮುಂದ ಇನ್ನೊಂದು ಆತು. ಹುಡುಗೀನ ಅಂಗಡಿಗೆ ಕಳಸಿದೆ, ಕೈಯಾಗ ಐವತ್ತರ ನೋಟು. “ಪಾವ ಕಿಲೋ ಶೇಂಗಾ ತಗೊಂಬಾ. ಕಿಲೋಕ್ಕ 140 ರೂಪಾಯಿ ಐತಿ, ಎಷ್ಟು ಹೊಳ್ಳಿ ಬರತಾವ ನೋಡಿ ಇಸಗೊ.” ಆಕಿ ನನ್ನ ಮುಖಾ ನೋಡಿದ್ಲು. “ಆಯಿ, ಪಾವ ಅಂದ್ರ?” ಕಾಲು ಅಂದೆ. “ಒನ್ ಬೈ ಫೋರ್” ಅಂದೆ. ಆಗ ಆಕಿ ಪೆನ್ನು ಹುಡುಕಾಕ ಹ್ವಾದ್ಲು! ಗಣಿತದಾಗ ನೂರಕ್ಕ ತೊಂಬತ್ತರ ಮ್ಯಾಲ ತಗಿಯೂ ಹುಡುಗಿ ಇದು. ಭಿನ್ನರಾಶಿ ಕೂಡಸತಾಳ, ಕಳೀತಾಳ, ಲಸಾಅ ತಗೀತಾಳ. ಆದ್ರ 140ರ ಅರ್ಧಾ 70, ಅದರ ಅರ್ಧಾ 35, ಹೊಳ್ಳಿ ಬರೂವು 15 ಅನ್ನೋದು ಆಕಿಗೆ ಲೆಕ್ಕ ಅಂತ ಅನಿಸಲೇ ಇಲ್ಲ. ಅದು ಅಂಗಡಿ ಮಾತು, ಲೆಕ್ಕ ಅಂದ್ರ ವಹಿಯಾಗ ಇರೂದು.

ಅವತ್ತಿನಿಂದ ನನಗ ಒಂದು ಪ್ರಶ್ನಿ ಹತ್ತಿ ಬಿಟ್ಟೈತಿ. ಮನ್ಯಾಗಿನ ಲೆಕ್ಕ, ಸಾಲ್ಯಾಗಿನ ಲೆಕ್ಕ ಯಾವಾಗ ಬ್ಯಾರೆ ಆದವು? ಓದಿದ್ದು, ಅವ್ವನ ಕಡಿಂದ ಕೇಳಿದ್ದು ಎರಡೂ ಕೂಡಿಸಿ ಬರೀತೀನಿ. ನಿಮ್ಮ ನಿಮ್ಮ ಮನ್ಯಾಗೂ ಇಂಥಾ ಕತಿ ಇರತಾವ.

ನಮ್ಮವ್ವ ಹುಟ್ಟಿದ್ದು 1948. ಆಕಿ ಸಾಲಿಗೆ ಹೆಸರು ಹಚ್ಚಿದಾಗ ಧಾರವಾಡ ಜಿಲ್ಲಾ ಮುಂಬೈ ರಾಜ್ಯದಾಗ ಇತ್ತು. ಆಗಿನ ಮಗ್ಗಿ ನಮ್ಮ ಈಗಿನ ಮಗ್ಗಿಯಂಗ ಎರಡೊಂದ್ಲೆ ಎರಡರಿಂದ ಸುರು ಆಗಿ ಇಪ್ಪತ್ತಕ್ಕ ಮುಗೀತಿರಲಿಲ್ಲ. ಕಾಲಿನ ಮಗ್ಗಿ, ಅರ್ಧದ ಮಗ್ಗಿ, ಮುಕ್ಕಾಲಿನ ಮಗ್ಗಿ, ಸವಾ, ದೀಡ, ಅಡೀಚ ಎಲ್ಲಾದಕ್ಕೂ ಮಗ್ಗಿ. ಮರಾಠಿ ಸಾಲ್ಯಾಗ ಇವಕ್ಕ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ, ಅಡೀಚಕಿ ಅಂತಿದ್ರು. ಸಂಜಿಮುಂದ ದೀಪ ಹಚ್ಚಿದ ಮ್ಯಾಲ ಹುಡುಗೂರನ್ನೆಲ್ಲಾ ಸಾಲಾಗಿ ಕುಂಡ್ರಿಸಿ ಹೇಳಸತಿದ್ರಂತ. ಅವ್ವಗ ಈಗೂ ಕೇಳಿ ನೋಡ್ರಿ, “ಏಳು ಅಡೀಚಲೆ?” ಅಂದ್ರ “ಹದಿನೇಳೂವರಿ” ಅಂತ ಬಾಯಿಂದ ತಾನಾಗೇ ಬರತೈತಿ.

ಯಾಕ ಇಷ್ಟೊಂದು ಕಾಲು-ಅರ್ಧ? ಇದು ಸುಮ್ಮನ ಬಾಯಿಪಾಠದ ಕಾಟ ಅಲ್ಲ. ಆಗಿನ ಅಳತಿ ಎಲ್ಲಾ ಅರ್ಧದ ಅರ್ಧದ ಮ್ಯಾಲ ನಿಂತಿದ್ದವು. ರೂಪಾಯಿಗೆ 16 ಆಣೆ, ತೂಕದ ಸೇರಿಗೆ 16 ಛಟಾಕ. ಸೇರಿನ ಅರ್ಧಾ ಅಚ್ಚೇರು, ಅದರ ಅರ್ಧಾ ಪಾವಸೇರು, ಹಂಗs ಇಳಕೋತ ಹೋಗೂದು. ಇದರಾಗ ಒಂದು ಗುಟ್ಟೈತಿ. ಸೇರಿಗೆ ಎಷ್ಟು ರೂಪಾಯಿನೋ ಛಟಾಕಿಗೆ ಅಷ್ಟೇ ಆಣೆ! ಸೇರು ತುಪ್ಪ ಮೂರು ರೂಪಾಯಿ ಅಂದ್ರ ಛಟಾಕಿಗೆ ಮೂರಾಣೆ, ಪೆನ್ನು ಬ್ಯಾಡ, ಹಾಳಿ ಬ್ಯಾಡ. ಆಣೆಗೆ 12 ಪೈ ಇದ್ದವಲ್ಲಾ, ಅದಕ್ಕೂ ಹಿಂಗs. ಡಜನ್ ಬಾಳಿಹಣ್ಣಿಗೆ ಒಂಬತ್ತಾಣೆ ಅಂದ್ರ ಒಂದಕ್ಕ ಒಂಬತ್ತು ಪೈ. ಸಾಲಿಗೆ ಹೋಗಲಾರದ ಮುದಿಕೇರೂ ಸಂತ್ಯಾಗ ಇದನ್ನ ತಡವರಿಸದs ಹೇಳತಿದ್ರು ಅಂದ್ರ ಅವರೇನು ಶಕುಂತಲಾದೇವಿ ಅಲ್ಲ, ಅಳತಿನೇ ಅವರ ಕೈಗೆ ಹೊಂದೂವಂಗ ಕಟ್ಟಿದ್ದು. ರೊಟ್ಟಿ ಹಿಟ್ಟು ನಾದಿದ ಮ್ಯಾಲ ನೀವೂ ಅರ್ಧಾ ಮಾಡಿ, ಅದರ ಅರ್ಧಾ ಮಾಡಿ ಉಂಡಿ ಕಟ್ಟತೀರಲ್ಲ? ಹತ್ತು ಪಾಲು ಮಾಡಾಕ ಕೈಗೆ ಬರೂದಿಲ್ಲ.

ಇದು ಭಾಳ ಹಳೀ ರೂಢಿ. 1823ರಾಗ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅನ್ನಾಂವ ತನ್ನ ಜಿಲ್ಲಾದಾಗಿನ ಊರ ಸಾಲಿಗೋಳ ಬಗ್ಗೆ ಒಂದು ವರದಿ ಬರದಾನ. ಹುಡುಗೂರು ಬೆರಳಿಲೆ ಉಸುಕಿನ್ಯಾಗ ತಿದ್ದೂದು, ಶ್ಯಾಣ್ಯಾ ಹುಡುಗ ಹಿಂದಿದ್ದಾಂವಗ ಕಲಸೂದು ಎಲ್ಲಾ ಅದರಾಗೈತಿ. ಲೆಕ್ಕದ ಬಗ್ಗೆ ಬರಿಯೂವಾಗ, ಇಲ್ಲಿ ಭಿನ್ನರಾಶಿಗೆ ಭಾಳ ಕಷ್ಟ ಪಟ್ಟು ಕಲಸತಾರ, ಅವು ನಮ್ಮವರಂಗ ಹತ್ತರಿಂದ ಇಳಿಯೂದಿಲ್ಲ, ನಾಕರಿಂದ ಇಳೀತಾವ ಅಂತ ಅಂವ ಗುರ್ತಿಸ್ಯಾನ. ನಾಕರಿಂದ ಇಳಿಯೂದು ಅಂದ್ರ ಇದೇ ನಮ್ಮ ಪಾವ, ಪಾವದ ಪಾವ. ಓದಿ ಖುಷಿ ಆತು. ಆದ್ರ ಅದೇ ವರದ್ಯಾಗಿನ ಇನ್ನೊಂದು ಅಂಕಿ ಓದಿ ಸುಮ್ಮನಾದೆ. 533 ಸಾಲಿ, 6,641 ಮಕ್ಕಳು, ಅದರಾಗ ಹೆಣ್ಣುಮಕ್ಕಳು ಬರೇ 60. ನೂರಕ್ಕ ಒಂದೂ ತುಂಬೂದಿಲ್ಲ. ಅಂದ್ರ ನಮ್ಮ ಅಜ್ಜಿಯ ಅಜ್ಜಿಗೋಳು ಅಷ್ಟೊಂದು ಲೆಕ್ಕ ಕಲತದ್ದು ಸಾಲ್ಯಾಗ ಅಲ್ಲ. ಒಲಿ ಮುಂದ, ಕಣದಾಗ, ಸಂತ್ಯಾಗ.

ಇನ್ನೂ ಹಿಂದಕ ಹ್ವಾದ್ರ ನಮ್ಮ ಕನ್ನಡ ನಾಡಿನ ಗಣಿತದ ಮಂದಿಗೆ ಮನಿ-ಅಂಗಡಿ ಅಂದ್ರ ಕೀಳಾಗಿರಲಿಲ್ಲ. ಒಂಬತ್ತನೇ ಶತಮಾನದಾಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಾಗ ‘ಗಣಿತಸಾರಸಂಗ್ರಹ’ ಬರದಾ. ಗಣಿತ ಎಲ್ಲೆಲ್ಲಿ ಬೇಕು ಅಂತ ಸುರುವಿಗೆ ಪಟ್ಟಿ ಕೊಡತಾನ. ಸಂಗೀತ, ನಾಟಕ, ವೈದ್ಯ, ಮನಿ ಕಟ್ಟೂದು, ಅದರ ಜೋಡಿ ಅಡಿಗಿನೂ! ಮುಂದ ಹನ್ನೆರಡನೇ ಶತಮಾನದಾಗ ರಾಜಾದಿತ್ಯ ಕನ್ನಡದಾಗೇ ಗಣಿತ ಬರದಾ. ಅಂವ ಪೂವಿನಬಾಗೆಯಾಂವ, ನಮ್ಮ ಬೆಳಗಾವಿ ಜಿಲ್ಲಾದ ರಾಯಬಾಗದ ಕಡಿಯಾಂವ ಅಂತ ವಿದ್ವಾಂಸರು ಹೇಳತಾರ. ಪುಸ್ತಕದ ಹೆಸರು ನೋಡ್ರಿ, ‘ವ್ಯವಹಾರಗಣಿತ’. ಇಷ್ಟಕ್ಕ ಇಷ್ಟಾದ್ರ ಅಷ್ಟಕ್ಕ ಎಷ್ಟು ಅನ್ನೋ ತ್ರೈರಾಶಿಕ, ಅದನ್ನs ಐದಕ್ಕ ಏಳಕ್ಕ ಬೆಳಸೂದು, ಎಲ್ಲಾ ಅದರಾಗ. ಅಂಗಡಿ ಮಾತು ಲೆಕ್ಕ ಅಲ್ಲ ಅಂತ ರಾಜಾದಿತ್ಯಗ ಯಾರೂ ಹೇಳಿರಲಿಲ್ಲ ಕಾಣತೈತಿ.

ಈಗ ನಮ್ಮ ಗರಗಕ್ಕ ಬರೂಣು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಕ್ಕ, 1950ರ ದಶಕದಾಗ, ಸ್ವಾತಂತ್ರ್ಯ ಹೋರಾಟಗಾರರು ಕೂಡಿ ಇಲ್ಲಿ ಖಾದಿ ಕೇಂದ್ರ ಕಟ್ಟಿದ್ರು. ನಮಗೆಲ್ಲಾ ಗೊತ್ತಿರೂ ಕ್ಷೇತ್ರೀಯ ಸೇವಾ ಸಂಘ. ರಾಷ್ಟ್ರಧ್ವಜದ ಬಟ್ಟಿ ನೇಯೂ ಊರು ಅಂತ ಗರಗಕ್ಕ ಹೆಸರು ಬಂದದ್ದು ಅಲ್ಲಿಂದ. ಅವ್ವ ನಾಕನೇ ಇಯತ್ತೆ ಮುಗಿಸಿದ ಮ್ಯಾಲ ಸಾಲಿ ಬಿಡಿಸಿದ್ರು. ಹೆಣ್ಣುಹುಡುಗಿ, ಸಾಕು ಅಂತ. ಸ್ವಲ್ಪ ದೊಡ್ಡಾಕಿ ಆದ ಮ್ಯಾಲ ರಾಟಿ ಮುಂದ ಕುಂತ್ಲು. ಮದವಿ ಆಗೂತನಕ, ಆಮ್ಯಾಲ ಹೊಳ್ಳಿ ಬಂದು ಮತ್ತ ಕೆಲವು ವರ್ಷ ನೂತಾಳ.

ನೂಲಿನ ನಂಬರ್ ಅಂದ್ರೇನು ಅಂತ ನಾ ಸಣ್ಣಾಕಿದ್ದಾಗ ಕೇಳಿದ್ದೆ. 20 ನಂಬರಿನ ನೂಲು ದಪ್ಪೋ, 40 ನಂಬರಿಂದು ದಪ್ಪೋ? ನಾ 40 ಅಂದೆ, ಅಂಕಿ ದೊಡ್ಡದಲ್ಲ! ಅವ್ವ ನಕ್ಕು ಹೇಳಿದ್ಲು: “ಒಂದು ಲಡಿ ಅಂದ್ರ 840 ಗಜ. ಒಂದು ಪೌಂಡು ಹತ್ತ್ಯಾಗ 20 ಲಡಿ ಬಂದ್ರ 20 ನಂಬರ್. ಅಷ್ಟೇ ಹತ್ತ್ಯಾಗ 40 ಲಡಿ ತಗೀಬೇಕಂದ್ರ ನೂಲು ಸಣ್ಣ ಮಾಡಬೇಕೋ ದಪ್ಪ ಮಾಡಬೇಕೋ?” ಸಣ್ಣ. ನಂಬರ್ ಏರಿದಂಗ ನೂಲು ಇಳೀತೈತಿ. ಮುಂದ ನನಗ ಹೈಸ್ಕೂಲಿನ್ಯಾಗ ವಿಲೋಮ ಅನುಪಾತ ಅಂತ ಒಂದು ಪಾಠ ಬಂತು. ಹತ್ತು ಆಳು ಗ್ವಾಡಿ ಕಟ್ಟಾಕ ಇಷ್ಟು ದಿನಾ ಅನ್ನೋ ಲೆಕ್ಕ. ವರ್ಗದಾಗ ಯಾರಿಗೂ ಅದು ತಲಿಗೆ ಹತ್ತಲಿಲ್ಲ, ನನಗ ಅನಾಯಾಸ ಹತ್ತಿತು. ಮಾಸ್ತರು ಶಾಬಾಸ್ ಅಂದ್ರು. ಇದನ್ನ ನಮ್ಮವ್ವ ಹೇಳಿ ಕೊಟ್ಟಾಳ್ರಿ ಅಂತ ಹೇಳಾಕ ನನಗ ಅವತ್ತು ನಾಚಿಗಿ ಬಂತು. ಈಗ ಅದಕ್ಕ ನಾಚಿಗಿ ಬರತೈತಿ.

ಅಂದ್ಹಂಗ, 20 ಲಡಿ ಅಂದ್ರ 16,800 ಗಜ, ಹದಿನೈದು ಕಿಲೋಮೀಟರಿಗೂ ಸ್ವಲ್ಪ ಮ್ಯಾಲ. ಗರಗದಾಗ ಒಂದು ತುದಿ ಕಟ್ಟಿ ಬಿಚಕೋತ ಹ್ವಾದ್ರ ಧಾರವಾಡದ ಹಾದಿ ಬಹುತೇಕ ಮುಗೀತೈತಿ. ಒಂದು ಪೌಂಡಿನ್ಯಾಗ, ಅಂದ್ರ ಅರ್ಧಾ ಕಿಲೋಕ್ಕೂ ಕಡಿಮಿ ಹತ್ತ್ಯಾಗ!

ಅವ್ವ ಮೂರನೇ ಇಯತ್ತೆ ಇದ್ದಾಗ ಪ್ರಪಂಚ ತಲಿಕೆಳಗಾತು. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಬಂದ್ವಿ. ಐದೇ ತಿಂಗಳಿಗೆ, 1957ರ ಏಪ್ರಿಲ್ 1ಕ್ಕ, ಆಣೆ ಹೋಗಿ ನಯಾ ಪೈಸೆ ಬಂತು, ರೂಪಾಯಿಗೆ ನೂರು. 1958ರ ಅಕ್ಟೋಬರದಿಂದ ಕಿಲೋ-ಗ್ರಾಂ ಹಂತಹಂತವಾಗಿ ಬಂದು 1962ರ ಹೊತ್ತಿಗೆ ಸೇರು-ಮಣದ ತೂಕ ಕಾಯ್ದೆಯಿಂದ ಹೊರಗಾದವು. ಬಾವುಟಕ್ಕೂ ಇದು ಬಿಡಲಿಲ್ಲ ನೋಡ್ರಿ. ಧ್ವಜದ ಮಾನದಂಡ ಮೊದಲ ಬಂದದ್ದು 1951ರಾಗ, 1964ರಾಗ ಅದನ್ನ ಮೆಟ್ರಿಕ್ಕಿಗೆ ತಿದ್ದಿದ್ರು. ಈಗ ಒಂಬತ್ತು ಅಳತಿ ಅದಾವ. ಎಲ್ಲಾದರಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಎಲ್ಲಾದರಕಿಂತ ಸಣ್ಣದು 150ಕ್ಕ 100. ಯಾವುದನ್ನs ತಗೋರಿ, ಉದ್ದ ಮೂರು ಪಾಲಾದ್ರ ಅಗಲ ಎರಡು. ದೀಡಪಟ್ಟು! ದಿಡಕಿ ಬಂದಾಕಿಗೆ ಒಂಬತ್ತೂ ಬಾಯಾಗ ಇರತಾವ.

ನಯಾ ಪೈಸೆ ಬಂದಾಗ ಮನಿಮನಿ ಅಂಗಡಿಅಂಗಡ್ಯಾಗ ತಕರಾರು. ನಾಕಾಣೆಗೆ 25 ಸರಿ ಹೊಂದತೈತಿ. ಒಂದಾಣೆಗೆ ಆರೂಕಾಲು! ಕಾಲು ಪೈಸೆ ಎಲ್ಲಿಂದ ತರೂದು? ಸರಕಾರದ ಪಟ್ಟಿ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಆದ್ರ ಅವ್ವ ಹೋಗತಿದ್ದ ಒಂದು ಅಂಗಡಿಯಾಂವ ಆಣೆದ ಬೆಲ್ಲಕ್ಕ 7 ಹಿಡೀತಿದ್ದನಂತ. ಒಂದು ಪೈಸೆ ಅಲ್ಲೇನು ಅಂತ ಯಾರೂ ಕೇಳತಿರಲಿಲ್ಲ. ಅವ್ವನ ಅವ್ವ, ನಮ್ಮಾಯಿ, ಒಂದಕ್ಷರ ಬಾರದಾಕಿ, ಒಂದು ವಾರ ನೋಡಿ ಹೇಳಿದ್ಲಂತ: “ಇನ್ನ ಮ್ಯಾಲ ದಿನಾ ಆಣೆ ಆಣೆದ್ದು ತರಬ್ಯಾಡ. ಒಮ್ಮೆ ನಾಕಾಣೆದ್ದು ತಾ.” ನಾಕು ಸಲ ಏಳು 28, ಒಮ್ಮೆಲೆ 25. ಮೂರು ಪೈಸೆ ಉಳೀತು. ಮುಂದ ಅಂಗಡಿಯಾಂವ ಸರಕಾರದ ಪಟ್ಟಿಗೆ ಬಂದು 6 ಹಿಡಿಯಾಕ ಹತ್ತಿದ. ಆವಾಗ ನಮ್ಮಾಯಿ ಅಂದ್ಲಂತ, “ಈಗ ಮತ್ತ ಆಣೆ ಆಣೆದ್ದs ತಾ.” ನಾಕು ಸಲ ಆರು 24! ಇದನ್ನ ಹೇಳೂವಾಗ ಅವ್ವಗ ಈಗೂ ನಗಿ ತಡಿಯೂದಿಲ್ಲ.

ಹತ್ತರ ಲೆಕ್ಕ ಬಂದದ್ದು ಕೆಟ್ಟದ್ದಾತು ಅಂತ ನಾ ಹೇಳೂದಿಲ್ಲ. ಬರಿಯೂ ಲೆಕ್ಕಕ್ಕ ಅದು ಭಾಳ ಹಗುರ. ಆಣೆ-ಪೈ ಕೂಡಿಸಿ ಕಳದು ಮಾಡೂದು ಸಾಲಿ ಹುಡುಗೂರಿಗೆ ದೊಡ್ಡ ಹಿಂಸೆ ಇತ್ತು, ಅದು ತಪ್ಪಿತು. ಗುಟ್ಟು ಹತ್ತರಾಗೂ ಅದಾವ. ಕಿಲೋಕ್ಕ ಎಷ್ಟು ರೂಪಾಯಿನೋ ಹತ್ತು ಗ್ರಾಮಿಗೆ ಅಷ್ಟೇ ಪೈಸೆ. ಕಿಲೋ ಜೀರಿಗಿ 300 ಅಂದ್ರ ಹತ್ತು ಗ್ರಾಮಿಗೆ 300 ಪೈಸೆ, ಮೂರು ರೂಪಾಯಿ. ಛಟಾಕಿನ ಗುಟ್ಟಿನಂಗs. ಆದ್ರ ಅದನ್ನ ನಮ್ಮ ಅವ್ವಂದಿರಿಗೆ ಯಾರೂ ಹೇಳಲಿಲ್ಲ. ಸಾಲ್ಯಾಗ ಹೊಸಾ ಲೆಕ್ಕ ಬಂತು, ಮನ್ಯಾಗ ಹಳೇದು ಉಳೀತು. ಮಕ್ಕಳು ವಹಿ ತಗದು ಕುಂತ್ರ ಅವ್ವಂದಿರು ಹಿಂದಕ ಸರದ್ರು. “ನನಗ ನಿಮ್ಮ ಗಣಿತ ತಿಳಿಯೂದಿಲ್ಲವಾ, ನಿಮ್ಮಪ್ಪನ್ನ ಕೇಳು.” ನಮ್ಮವ್ವ ನನಗ ಹಂಗ ಅಂದ್ಲು. ನಾ ನನ್ನ ಮಗಳಿಗೂ ಹಂಗs ಅಂದೆ. ವಾರದ ಸಂತಿ ಖರ್ಚು, ಸಂಘದ ಉಳಿತಾಯ, ಬಡ್ಡಿ ಎಲ್ಲಾ ತಲ್ಯಾಗ ಇಟಕೊಂಡಾಕಿ ನಾನು!

ಇದು ನಮ್ಮೂರಿನ ಕತಿ ಅಷ್ಟೇ ಅಲ್ಲ ಅಂತ ಆಮ್ಯಾಲ ತಿಳೀತು. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಾಗ ಬಜಾರದಾಗ ಮಾರೂ ಐದು ಹುಡುಗೂರನ್ನ ನೋಡಿ ಬರದ ಒಂದು ಅಧ್ಯಯನ 1985ರಾಗ ಬಂತು. ಗಿರಾಕಿಯಂಗ ಹೋಗಿ ಕೇಳಿದ್ರ ನೂರಕ್ಕ 98 ಉತ್ತರ ಸರಿ. ಅದೇ ಲೆಕ್ಕಾನ ಹಾಳಿ ಮ್ಯಾಲ ಬರೇ ಅಂಕಿ ಮಾಡಿ ಕೊಟ್ರ 37. ತೆಂಗಿನಕಾಯಿ ಮಾರೂ ಒಬ್ಬ ಹುಡುಗಗ, ಒಂದಕ್ಕ 35 ಆದ್ರ ಹತ್ತಕ್ಕೆಷ್ಟು ಅಂತ ಕೇಳಿದ್ರು. ಅಂವ ಸೊನ್ನಿ ಹಚ್ಚಲಿಲ್ಲ. ಮೂರಕ್ಕ 105, ಇನ್ನ ಮೂರು ಹಾಕಿದ್ರ 210, ಮತ್ತ ಮೂರು, ಮತ್ತ ಒಂದು, 350 ಅಂತ ಏರಿಸಿಕೋತ ಹೇಳಿದ. ನಮ್ಮವ್ವನೂ ಹಿಂಗs ಮಾಡತಾಳ. 2019ರಾಗ ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತ ಅವರ ಜೋಡೀದವರು ದಿಲ್ಲಿ-ಕೋಲ್ಕತ್ತಾದ ಬಜಾರಗೋಳಾಗ ದುಡಿಯೂ 1,400ಕ್ಕೂ ಮಿಕ್ಕಿ ಮಕ್ಕಳನ್ನ ನೋಡಿ ಬರದ್ರು. ಇವರು ಮಾರೂವಾಗ ಎಂಥಾ ತೊಡಕಿನ ಲೆಕ್ಕಾನೂ ಬಾಯಿಲೆ ಮಾಡತಾರ, ಸಾಲಿ ರೀತಿಲೆ ಕೇಳಿದ್ರ ತಡವರಸತಾರ. ಸಾಲಿ ಮಕ್ಕಳನ್ನ ನೋಡಿದ್ರ ಅದರ ಉಲ್ಟಾ. ಎರಡೂ ಕಡೆ ಜಾಣತನ ಐತಿ, ನಡುವ ಬಾಗಲಾ ಹಾಕೈತಿ.

ನಮ್ಮ ಸಾಲಿಯವರಿಗೂ ಇದು ಗೊತ್ತಿಲ್ಲಂತಲ್ಲ. ನಲಿ-ಕಲಿ ಬಂತು, ಮಣಿ-ಕಡ್ಡಿ-ತಕ್ಕಡಿ ಪೆಟಗಿ ಕೊಟ್ಟು ಮಾಡಿಸೂ ಗಣಿತ ಕಲಿಕಾ ಆಂದೋಲನ ಬಂತು. 2021ರಾಗ ಕೇಂದ್ರದವರು ನಿಪುಣ ಭಾರತ ಅಂತ ತಂದು, ಮೂರನೇ ಇಯತ್ತೆ ಮುಗಿಯೂದ್ರಾಗ ಪ್ರತಿ ಕೂಸಿಗೂ ಓದು ಮತ್ತ ಲೆಕ್ಕ ಬರಬೇಕು, ಅದಕ್ಕ 2026-27 ಗಡುವು ಅಂದ್ರು. ಇವೆಲ್ಲಾದರಕಿಂತ ನನಗ ಮನಸಿಗೆ ಬರೂದು ಸಾಲಿ ಅಂಗಳದಾಗ ಮಾಡೂ ಮಕ್ಕಳ ಸಂತಿ. ಆದ್ರ ಒಂದು ಮಾತು, ಅಲ್ಲಿ ಅವ್ವಂದಿರು ಹಿಂದ ನಿಂತು ಎಲ್ಲಾ ಲೆಕ್ಕಾ ತಾವs ಹೇಳಿ ಬಿಡತಾರ. ಬರೇ ಫೋಟೋ ಮಕ್ಕಳದು.

ಹ್ಞಾಂ, ಬಾವುಟದ ಜಗಳ. ಮರುದಿನ ಮುಂಜಾನೆ ಅವ್ವ ಹುಡುಗೀನ ಕರದು, “ಸೀರಿ ಎಷ್ಟು ಉದ್ದ?” ಅಂದ್ಲು. ಆರು ಗಜ. ಗಜಕ್ಕ ಮೂರು ಅಡಿ, ಹದಿನೆಂಟು. ಅಗಲ? ಇಂಚಪಟ್ಟಿ ಹಿಡದ್ರು, ನಾಕು ಅಡಿಗೆ ಸ್ವಲ್ಪ ಕಡಿಮಿ. “ನಾಕs ಹಿಡಿ.” ಹದಿನೆಂಟು ನಾಕ್ಲೆ 72 ಚದರ ಅಡಿ. “ನಿನ್ನ 205 ಬಿಡು, ಇನ್ನೂರs ಹಿಡಿ.” ಹುಡುಗಿ ಗುಣಿಸಿದ್ಲು, 14,400 ಗ್ರಾಂ. ಹದಿನಾಕು ಕಿಲೋ! ಒಂದು ಕ್ಷಣ ಸುಮ್ಮನಿದ್ಲು. ನಾ ಅಡಿಗಿಮನಿಯಿಂದ, “ತುಂಬಿದ ಸಿಲಿಂಡರಿನ್ಯಾಗಿನ ಗ್ಯಾಸ್ 14.2 ಕಿಲೋ” ಅಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಸಿಲಿಂಡರ್ ಸುತಗೊಂಡು ಹ್ವಾದಂಗ ಆತಲ್ಲ ಆಯಿ ಅಂದ್ಲು.

ಹಂಗಾರ ಖರೆ ಎಷ್ಟು? ಮಸಾಲಿ ತೂಗೂ ನನ್ನ ತಕ್ಕಡ್ಯಾಗ ಅವ್ವನ ಹತ್ತಿ ಸೀರಿ ಇಟ್ವಿ, 560 ಗ್ರಾಂ. ಮೀಟರಿನ್ಯಾಗ ಲೆಕ್ಕ ಹಾಕಿದ್ರ ಸೀರಿ ಆರು ಚದರ ಮೀಟರಿಗೆ ಸ್ವಲ್ಪ ಮ್ಯಾಲ, ಅಂದ್ರ ಚದರ ಮೀಟರಿಗೆ ತೊಂಬತ್ತು ಗ್ರಾಮಿನ ಸುತ್ತ. ಬಾವುಟದ ಖಾದಿ ಇದರ ಎರಡಪಟ್ಟಕಿಂತ ದಪ್ಪ ಅಂದ್ಲು ಅವ್ವ, ಕೈಲೆ ಮುಟ್ಟಿದಾಕಿ. ಹಂಗಾದ್ರ 205 ಅನ್ನೋದು ಚದರ ಮೀಟರಿಗೆ ಸರಿಯಾಗಿ ಕುಂಡರತೈತಿ. ಯಾರೋ ಎಲ್ಲೋ ಮೀಟರ್ ಇದ್ದಲ್ಲಿ ಅಡಿ ಅಂತ ಬರದಾರ, ನಾಕು ಕಡೆಯವರು ಅದನ್ನs ನಕಲು ಹೊಡದಾರ. ಚದರ ಮೀಟರಿನ್ಯಾಗ ಹತ್ತಕ್ಕೂ ಮಿಕ್ಕಿ ಚದರ ಅಡಿ ಇರತಾವಂತ ಹುಡುಗೀಗೆ ವಹಿಯಾಗ ಗೊತ್ತಿತ್ತು, ಆದ್ರ ಅವತ್ತು ಕಣ್ಣಿಗೆ ಬಿತ್ತು. ಎಲ್ಲಾದರಕಿಂತ ದೊಡ್ಡ ಬಾವುಟಕ್ಕ ಲೆಕ್ಕ ಹಾಕಿದ್ಲು. ಚದರ ಮೀಟರಿನಂಗ ಐದೂವರಿ ಕಿಲೋಕ್ಕ ಸ್ವಲ್ಪ ಕಡಿಮಿ. ಚದರ ಅಡಿಯಂಗ ಹಿಡದ್ರ ಅರವತ್ತು ಕಿಲೋದ ಹತ್ತರ. “ಇದನ್ನ ಕಂಬಕ್ಕ ಏರಿಸಾಕ ಕ್ರೇನ್ ಬೇಕು” ಅಂತ ಭಾಷಣದಾಗೂ ಸೇರಿಸಿಕೊಂಡ್ಲು.

ಆಕಿ ಧಾರವಾಡಕ್ಕ ಹ್ವಾದ ಮ್ಯಾಲ ತಕ್ಕಡಿ ನನ್ನ ಕೈಗೆ ಸಿಗವಲ್ದು. ಅವ್ವ ಟ್ರಂಕ್ ತಗದು ಇದ್ದಬಿದ್ದ ಸೀರಿ ಎಲ್ಲಾ ಒಂದೊಂದs ತೂಗಿ, ಕ್ಯಾಲೆಂಡರಿನ ಬೆನ್ನ ಮ್ಯಾಲ ಗ್ರಾಂ ಬರದು ಇಡಾಕತ್ತಾಳ. ಮದವಿ ಇಳಕಲ್ಲ ಸೀರಿ ಎಷ್ಟು ತೂಗತೈತಿ ಅಂತ ಊಹಿಸಿ ಹೇಳ್ರಿ ಅಂತ ಬಂದವರಿಗೆಲ್ಲಾ ಕೇಳತಾಳ. ನಮ್ಮ ಓಣಿಯವರು ಯಾರೂ ಇನ್ನೂ ಸರಿ ಹೇಳಿಲ್ಲ.